ಕೂಲಿಯವರೇ ಕೂಲಿ ಕೊಡುವ ತೋಟ

ಪ್ಲೇನ್ಸ್‌ಬರೋ, ಬಾಗಿಲ ಮುಂದೆ

ಅಮೆರಿಕಕ್ಕೆ ಬಂದಿಳಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮುಂದೆ ಒಂದು ಚೀಲ ಸೇಬು ಕೂತಿತ್ತು. ತಂದಿಟ್ಟವರ ಸುಳಿವಿಲ್ಲ. ನಮ್ಮ ಇಂಡಿ ಕಡೆ ಹೀಗೆ ಬಾಗಿಲ ಮುಂದೆ ಹೇಳದೆ ಕೇಳದೆ ಒಂದು ಲಿಂಬೆಹಣ್ಣು ಕಂಡರೂ ಯಾರೋ ಮಾಟ ಮಾಡಿಸಿದ್ದಾರೆಂದು ಮನೆಮಂದಿಯೆಲ್ಲ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಾರೆ. ಅದೂ ಊರ ತುಂಬ ಲಿಂಬೆಯನ್ನೇ ಬೆಳೆಯುವ ಜನ! ನಾನು ತೋಟಗಾರಿಕೆಯಲ್ಲಿ ಬಿಎಸ್ಸಿ ಮಾಡಿದವಳು, ಇಂಥದಕ್ಕೆಲ್ಲ ಹೆದರುವವಳಲ್ಲ. ಆದರೂ ಕಾಲು ಹಿಂದಿಟ್ಟು ಸುನೀತಾಳನ್ನು ಕೂಗಿದೆ.

ಸುನೀತಾ ನನ್ನ ಅಣ್ಣನ ಮಗಳು. ಇಲ್ಲೇ ಪಕ್ಕದ ಪ್ರಿನ್ಸ್‌ಟನ್ನಿನಲ್ಲಿ ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹಲ್ಲುಜ್ಜುತ್ತಿದ್ದವಳು ಬ್ರಷ್ ಸಮೇತ ಓಡಿಬಂದಳು.

"ಮುಟ್ಟಬ್ಯಾಡ್ರಿ ಅತ್ತಿ! ಮುಟ್ಟಿದ್ರ ನಮ್ಮವು ಆಗ್ತಾವು!"

ಹಿಂದೆಯೇ ಬಂದ ಅವಳ ಗಂಡ ಪ್ರಸನ್ನ, ಮೈಸೂರಿನ ಹುಡುಗ, ಬಗ್ಗಿ ಚೀಲದ ಹಿಡಿಕೆ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡ. "ಇದು ನಮ್ದೇ ಚೀಲ ಅತ್ತೆ. ಹಿಡಿ ಕಿತ್ತೋಗಿತ್ತು ಅಂತ ನಾನೇ ಟೇಪ್ ಹಾಕಿದ್ದೆ. ಹೋದ್ವಾರ ಎದುರು ಬ್ಲಾಕಲ್ಲಿ ಯಾರ್ದೋ ಬಾಗ್ಲಲ್ಲಿ ಇಟ್ಟು ಓಡ್ಬಂದಿದ್ದೆ. ಎಲ್ಲೆಲ್ಲಿ ಸುತ್ಕೊಂಡು ಬಂತೋ ನೋಡಿ!"

ಆಮೇಲೆ ಕೂತು ತಿಳಿಸಿ ಹೇಳಿದರು. ಅಕ್ಟೋಬರ್ ಬಂತೆಂದರೆ ಇಲ್ಲಿಯ ನಮ್ಮವರೆಲ್ಲ ವಾರಾಂತ್ಯಕ್ಕೆ ಸೇಬಿನ ತೋಟಕ್ಕೆ ಹೋಗುತ್ತಾರೆ. ತಿನ್ನುವುದಕ್ಕಿಂತ ಹೆಚ್ಚು ಕೀಳುತ್ತಾರೆ. ಮೊದಲು ಹಾಗೇ ತಿನ್ನುತ್ತಾರೆ, ಆಮೇಲೆ ಹಲ್ವ, ಆಮೇಲೆ ಗೊಜ್ಜು. ಅದೂ ಮುಗಿದ ಮೇಲೆ ಸ್ನೇಹಿತರಿಗೆ ಕೊಡಲು ಹೊರಟರೆ ಸ್ನೇಹಿತರೂ ಕೊಡಲು ಹೊರಟಿರುತ್ತಾರೆ. ಹಾಗಾಗಿ ಎಲ್ಲರೂ ಕತ್ತಲಾಗುವುದನ್ನು ಕಾದು ಎಲ್ಲರ ಬಾಗಿಲಲ್ಲೂ ಇಟ್ಟು ಓಡುತ್ತಾರೆ.

"ಹಂಗಾದ್ರ ಈ ವಾರ ತೋಟಕ್ಕ ಹೋಗೂದು ಬಿಡ್ರಿ," ಎಂದೆ.

"ಹ್ಯಾಂಗ ಬಿಡೂದು? ಟಿಕೆಟ್ ಆಗ್ಯಾವ."

"ಯಾವುದರ ಟಿಕೆಟ್?"

"ಹಣ್ಣು ಕೀಳಾಕ, ಅತ್ತಿ."

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅಪ್ಪ ಹೆಬ್ಬೆಟ್ಟಿನವನು. ಲಿಂಬೆ ಮಾರಿ ಬಂದದ್ದರಲ್ಲಿ ಕೀಳುವ ಆಳುಗಳ ಕೂಲಿ ಕೊಟ್ಟು ಏನು ಉಳಿಯುತ್ತಿತ್ತೋ ಅದು ನನ್ನ ಫೀಸು. ನಮ್ಮ ಮನೆಯ ಜಗಳಗಳೆಲ್ಲ ಆ ಕೂಲಿಯಿಂದಲೇ ಹುಟ್ಟುತ್ತಿದ್ದವು. ಮುಂದೆ ತೋಟಗಾರಿಕೆ ಇಲಾಖೆಯಲ್ಲಿ ಅಧಿಕಾರಿಯಾಗಿ ನಿವೃತ್ತಿಯಾಗುವತನಕ ರೈತರ ಬಾಯಲ್ಲಿ ನಾನು ಕೇಳಿದ್ದೂ ಅದೇ ರಾಗ: "ಹಣ್ಣೇನೋ ಅದಾವ್ರಿ ಮೇಡಂ, ಕೀಳಾಕ ಮಂದಿ ಎಲ್ಲಿ?" ಇಲ್ಲಿ ನೋಡಿದರೆ ಕೀಳುವ ಮಂದಿ ಟಿಕೆಟ್ ತೆಗೆಸಿಕೊಂಡು ಕಾದು ಕೂತಿದ್ದಾರೆ! ಈ ರೈತನ ಕಾಲಿಗೆ ಬೀಳಬೇಕೆಂದು ನಿಶ್ಚಯಿಸಿ ಶನಿವಾರ ಕಾರು ಹತ್ತಿದೆ. ಚಳಿಯಿತ್ತು. ಸೀರೆಯ ಮೇಲೆ ಹಾಕಿಕೊಳ್ಳಲು ಸುನೀತಾ ತನ್ನ ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟಳು.

ಹಡ್ಸನ್ ನದಿಯಾಚೆ, ತೋಟದ ಗೇಟು

ತೋಟ ನ್ಯೂಯಾರ್ಕ್ ರಾಜ್ಯದ ಒಳಭಾಗದಲ್ಲಿ, ಗುಡ್ಡಗಳ ನಡುವೆ ಇತ್ತು. ಗೇಟಿನಲ್ಲಿ ಶೆಟ್ಟಿ ಅಂಕಲ್ ಕಾಯುತ್ತಿದ್ದರು. ಅವರು ಪ್ರಸನ್ನನ ಸ್ನೇಹಿತರು, ಉಡುಪಿ ಕಡೆಯವರು. ನ್ಯೂಯಾರ್ಕಿನ ಹತ್ತಿರ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ಹೋಟೆಲ್ ನಡೆಸುತ್ತಾರೆ. ನನಗಿಂತ ಚಿಕ್ಕವರಾದರೂ ಇಲ್ಲಿ ಎಲ್ಲರ ಬಾಯಲ್ಲೂ ಅಂಕಲ್. ತರಕಾರಿ ತರುವ ತಮ್ಮ ದೊಡ್ಡ ವ್ಯಾನಿನಲ್ಲಿ ಬಂದಿದ್ದರು. ಕೈಯಲ್ಲಿ ಸಣ್ಣ ಡಬ್ಬಿ.

"ಇದೆಂತ ಗೊತ್ತುಂಟಾ ಅಕ್ಕ? ಉಪ್ಪು, ಮೆಣಸಿನ ಹುಡಿ. ಒಳಗೆ ತಿಂದದ್ದಕ್ಕೆ ಬಿಲ್ಲಿಲ್ಲ, ಚೀಲದಲ್ಲಿ ತಂದದ್ದಕ್ಕೆ ಮಾತ್ರ. ಹಾಗಾಗಿ ನಾನು ಬೆಳಿಗ್ಗೆ ತಿಂಡಿ ಮಾಡ್ಲಿಲ್ಲ."

ಒಳಗೆ ಹೋದರೆ ಸೇಬು ಕಾಣಲೇ ಇಲ್ಲ. ಮೊದಲು ಸಿಕ್ಕಿದ್ದು ಆಡುಗಳು. ಜನ ಸಾಲಾಗಿ ನಿಂತು, ಮೇವು ಕೊಂಡು, ಆಡಿನ ಒಡೆಯನ ಆಡಿಗೇ ತಿನ್ನಿಸುತ್ತಿದ್ದರು. ಮುಂದೆ ಮೆಕ್ಕೆಜೋಳದ ಹೊಲ. ತೆನೆ ಒಣಗಿ ನಿಂತಿದೆ, ಕೊಯ್ದಿಲ್ಲ. ಅದರೊಳಗೆ ಸುತ್ತುಬಳಸಿನ ಹಾದಿ ಮಾಡಿ, ಜನರು ದಾರಿ ತಪ್ಪಲೆಂದು ಬಿಟ್ಟಿದ್ದಾರೆ. ಅದಕ್ಕೂ ಟಿಕೆಟ್. ನಮ್ಮಲ್ಲಿ ಜೋಳದ ಹೊಲದಲ್ಲಿ ಯಾರಾದರೂ ದಾರಿ ತಪ್ಪಿದರೆ ಊರೆಲ್ಲ ಬೈದುಕೊಳ್ಳುತ್ತಾ ಹುಡುಕಲು ಹೋಗುತ್ತದೆ. ಇಲ್ಲಿ ಬೇಗ ದಾರಿ ಸಿಕ್ಕಿದವರು ದುಡ್ಡು ದಂಡವಾಯಿತೆಂದು ಗೊಣಗುತ್ತಾ ಹೊರಬರುತ್ತಿದ್ದರು.

ಅದರಾಚೆ ಢಂ ಎಂದು ಸದ್ದು. ಅದು ಫಿರಂಗಿ! ನೆಲಕ್ಕೆ ಬಿದ್ದ ಸೇಬನ್ನು ಅದರ ಬಾಯಿಗೆ ತುಂಬಿ, ದುಡ್ಡು ಕೊಟ್ಟು ದೂರದ ಹಲಗೆಗೆ ಹೊಡೆಯುವ ಆಟ. ಬಿದ್ದ ಹಣ್ಣನ್ನು ರಸ ಮಾಡುವವರೂ ಕೊಳ್ಳುವುದಿಲ್ಲವಂತೆ. ಮರದ ಮೇಲಿದ್ದಾಗ ಇದ್ದ ಬೆಲೆಗಿಂತ ಅದಕ್ಕೆ ಗುಂಡಾದ ಮೇಲೆ ಹೆಚ್ಚು ಬೆಲೆ. ಮೂವತ್ತು ವರ್ಷ ರೈತರಿಗೆ ಹಣ್ಣಿನ ಮೌಲ್ಯವರ್ಧನೆಯ ಭಾಷಣ ಮಾಡಿದವಳು ನಾನು. ಜಾಮ್ ಎಂದಿದ್ದೆ, ಜ್ಯೂಸ್ ಎಂದಿದ್ದೆ. ಫಿರಂಗಿ ಎಂದು ಹೊಳೆದಿರಲಿಲ್ಲ.

ಕೆಂಪು ಸಾಲುಗಳಲ್ಲಿ

ಕೊನೆಗೂ ಮರಗಳು ಸಿಕ್ಕವು. ತಂತಿಗೆ ಕಟ್ಟಿದ ಕುಳ್ಳ ಮರಗಳು, ಒತ್ತೊತ್ತಾಗಿ ಸಾಲು, ಮೈತುಂಬ ಕೆಂಪು ಹಣ್ಣು. ಕೆಳಗೆ ನಮ್ಮ ಮಂದಿ, ಕೊರಿಯಾದವರು, ಬಿಳಿಯರು, ಎಲ್ಲರ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಫೋನು. ಒಬ್ಬರು ಹಣ್ಣು ಜಗ್ಗುತ್ತಾರೆ, ಟೊಂಗೆ ಬಾಗುತ್ತದೆ, ಮತ್ತೆ ನಾಲ್ಕು ಉದುರುತ್ತವೆ. ಫೋಟೋ ಸರಿ ಬರಲಿಲ್ಲವೆಂದು ಇನ್ನೊಂದನ್ನು ಜಗ್ಗುತ್ತಾರೆ.

ನನಗೆ ತಡೆಯಲಾಗಲಿಲ್ಲ. ಹಣ್ಣಿನ ತೊಟ್ಟಿಗೆ ಅಂಟಿಕೊಂಡಿರುವ ಗಿಡ್ಡ ಕಡ್ಡಿಯಲ್ಲಿ ಮುಂದಿನ ವರ್ಷದ ಮೊಗ್ಗು ಕೂತಿರುತ್ತದೆ. ಜಗ್ಗಿದರೆ ಈ ವರ್ಷದ ಹಣ್ಣಿನ ಜೊತೆಗೆ ಮುಂದಿನ ವರ್ಷದ್ದೂ ಕಿತ್ತು ಬರುತ್ತದೆ. ನನ್ನ ಇಂಗ್ಲಿಷು ಇಲಾಖೆಯ ಸುತ್ತೋಲೆಗಳಿಂದ ಕಲಿತ ಇಂಗ್ಲಿಷು. ಅದರಲ್ಲೇ ಗದರಿಸಿದೆ. ಕನ್ನಡಕ್ಕೆ ತಂದರೆ ಸುಮಾರು ಹೀಗಾಗುತ್ತದೆ: "ಟೊಂಗೆ ಎಳೆಯುವುದನ್ನು ಈ ಕೂಡಲೇ ನಿಲ್ಲಿಸತಕ್ಕದ್ದು! ಹಣ್ಣನ್ನು ಅಂಗೈಯಲ್ಲಿ ಹಿಡಿದು, ಮೇಲಕ್ಕೆತ್ತಿ, ತಿರುವತಕ್ಕದ್ದು!"

ಎದುರಿಗೆ ಟೊಂಗೆ ಜಗ್ಗುತ್ತಿದ್ದ ಒಬ್ಬ ದಪ್ಪ ಮನುಷ್ಯ "ಸಾರಿ ಮ್ಯಾಮ್" ಎಂದು ಅಂಗೈಯಲ್ಲಿ ಹಿಡಿದು ತಿರುವಿದ. ನನಗೇ ಆಶ್ಚರ್ಯ. ಇಂಡಿಯಲ್ಲಿ ಒಬ್ಬ ರೈತನೂ ಹೀಗೆ ಒಂದೇ ಮಾತಿಗೆ ಕೇಳಿದ್ದಿಲ್ಲ. ಉತ್ಸಾಹ ಬಂದು ಇಡೀ ಸಾಲನ್ನು ಸರಿಪಡಿಸುತ್ತಾ ಹೊರಟೆ. ಜನ ನನ್ನನ್ನು ಸಿಹಿ ಹಣ್ಣು ಎಲ್ಲಿ, ಶೌಚಾಲಯ ಎಲ್ಲಿ, ಡೋನಟ್ ಎಲ್ಲಿ ಎಂದು ಕೇಳತೊಡಗಿದರು. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ.

ಸುನೀತಾ ಹುಡುಕಿಕೊಂಡು ಬಂದು ನನ್ನ ತೋಳು ಹಿಡಿದಳು. "ಅತ್ತಿ, ಏನ್ ಮಾಡಾಕತ್ತೀರಿ? ಇಲ್ಲಿ ಕೆಲಸದವರು ಹಾಕ್ಕೊಳ್ಳೂದೂ ಇದ ಬಣ್ಣದ ಜಾಕೆಟ್!"

ಸುತ್ತ ನೋಡಿದೆ. ಹೌದು. ಗೇಟಿನವನು, ಆಡಿನವಳು, ಫಿರಂಗಿಯವನು, ಎಲ್ಲರೂ ಕಿತ್ತಳೆ.

ಅಷ್ಟರಲ್ಲಿ ಸಣ್ಣ ಬ್ಯಾಟರಿ ಗಾಡಿಯೊಂದು ಬಂದು ನಿಂತಿತು. ಇಳಿದದ್ದು ಬೆಳ್ಳಿಗೂದಲಿನ, ಕೆಸರು ಬೂಟಿನ ಹೆಂಗಸು. ಹೆಲೆನ್ ಎಂದು ಹೆಸರು, ತೋಟದ ಒಡತಿ. "ಗಿರಾಕಿಗಳನ್ನು ಬೈಯುತ್ತಿರುವವರು ಯಾರು?" ಎಂದು ಕೇಳಿದಳು. ನಾನೇ ಎಂದೆ. ಟೊಂಗೆಯನ್ನು ತೋರಿಸಿ, ಗಿಡ್ಡ ಕಡ್ಡಿಯ ಸಂಗತಿ ಹೇಳಿ, ಇಷ್ಟೂ ತಿಳಿಯದೆ ಎಂಥ ತೋಟದೊಡತಿಯಮ್ಮ ನೀನು ಎಂದೆ.

ಹೆಲೆನ್ ಗಾಡಿಗೆ ಒರಗಿ ನಗಲು ಶುರುಮಾಡಿದಳು. "ನನಗೆ ಗೊತ್ತು. ಆದರೆ ನಾನು ಬೈದರೆ ಸಂಜೆ ಇಂಟರ್‌ನೆಟ್ಟಿನಲ್ಲಿ ನನಗೆ ಐದಕ್ಕೆ ಒಂದೇ ನಕ್ಷತ್ರ ಕೊಡುತ್ತಾರೆ. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ದಯವಿಟ್ಟು ಮುಂದುವರಿಸಿ."

ಹೀಗೆ ಟಿಕೆಟ್ ಕೊಂಡು ಒಳಬಂದ ನನಗೆ ಕೆಲಸ ಸಿಕ್ಕಿತು. ಸಂಬಳದ ಮಾತು ಬರಲಿಲ್ಲ.

ಗುಡ್ಡದ ಮೇಲೆ

ಮಧ್ಯಾಹ್ನ ಹೆಲೆನ್ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿಸಿದಳು. ಅಲ್ಲಿದ್ದವು ನಿಜವಾದ ಮರಗಳು. ಎತ್ತರಕ್ಕೆ ಬೆಳೆದು, ದೂರದೂರ ನಿಂತು, ಕೈಚಾಚಿದ ಹಾಗೆ ಟೊಂಗೆ ಹರಡಿದ್ದವು. ಹಣ್ಣು ಮಾತ್ರ ಕಂದು, ಒರಟು, ಆಲೂಗಡ್ಡೆಯ ಹಾಗೆ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನನ್ನ ಅಜ್ಜ ನೆಟ್ಟದ್ದು," ಎಂದಳು. "ಇವುಗಳ ಹಣ್ಣು ಮಾರಿ ನನ್ನನ್ನು ಕಾಲೇಜಿಗೆ ಕಳಿಸಿದರು. ನಮ್ಮ ಮನೆಯಲ್ಲಿ ಮೊದಲು ಓದಿದವಳು ನಾನೇ. ಈಗ ಇವು ಯಾರಿಗೂ ಬೇಡ. ಫೋಟೋದಲ್ಲಿ ಕೆಂಪಗೆ ಕಾಣುವುದಿಲ್ಲವಲ್ಲ."

ತೋಟದ ಲೆಕ್ಕ ನೋಡುವವಳು ಹೆಲೆನ್‌ಳ ಮಗಳು ಕೇಟ್. ಹೂವಿನ ಹೊತ್ತಿಗೆ ಮಂಜು ಬಿದ್ದರೆ ವರ್ಷವೇ ಹೋಯಿತು, ಕೆಲಸಕ್ಕೆ ಜಮೈಕಾದಿಂದ ವೀಸಾ ಮಾಡಿಸಿ ಜನ ತರಿಸಬೇಕು, ಅಂಗಡಿಗಳಿಗೆ ದೊಡ್ಡ ತೋಟಗಳ ಹಣ್ಣೇ ಅಗ್ಗ. ತೋಟ ಉಳಿದಿರುವುದು ಆಡು, ಫಿರಂಗಿ, ಡೋನಟ್ಟಿನಿಂದ. ಅವುಗಳಿಗೆ ಬರುವ ಕಾರುಗಳಿಗೆ ಜಾಗ ಸಾಲದು. ಈ ವಾರಾಂತ್ಯವೂ ಗುಡ್ಡದ ಹಣ್ಣನ್ನು ಯಾರೂ ಕೀಳದಿದ್ದರೆ ಮಂಗಳವಾರ ಬುಲ್ಡೋಜರ್ ಬರುತ್ತದೆ, ಮರ ಕಿತ್ತು ಪಾರ್ಕಿಂಗ್ ಮಾಡುತ್ತಾರೆ. ತಾಯಿಮಗಳ ನಡುವೆ ಹಾಗೆಂದು ಮಾತಾಗಿದೆ. ಹೆಲೆನ್ ಇದನ್ನು ಅಳುತ್ತಾ ಹೇಳಲಿಲ್ಲ. ಮಾತಾಡುತ್ತಾ ಒಂದು ಒಣಕಡ್ಡಿ ಮುರಿದು ಹಾಕಿದಳು, ಮಂಗಳವಾರದ ಆಚೆಗೂ ಆ ಮರ ಇರುವುದೇನೋ ಎಂಬ ಹಾಗೆ.

ನನ್ನ ಅಪ್ಪ ಫೀಸು ತುಂಬುವ ದಿನ ಲಿಂಬೆ ಮೂಟೆಯ ಪಕ್ಕದಲ್ಲಿ ಕೂತು ಬಸ್ಸಿನಲ್ಲಿ ಬರುತ್ತಿದ್ದುದು ನೆನಪಾಯಿತು. ಏನಾದರೂ ಮಾಡಲೇಬೇಕೆನಿಸಿತು.

ಗುಡ್ಡದ ಬುಡದಲ್ಲಿ ನಿಂತು ಹೋಗಿಬರುವವರಿಗೆಲ್ಲ ಈ ತಳಿಯ ಸಕ್ಕರೆ ಅಂಶ, ಬಾಳಿಕೆ, ಇತಿಹಾಸ ವಿವರಿಸಿದೆ. ಜನ ಬಹಳ ವಿನಯದಿಂದ ಕೇಳಿ ಡೋನಟ್ ಕಡೆ ನಡೆದರು. ಇಲಾಖೆಯ ಭಾಷಣಕ್ಕೆ ಎಲ್ಲ ದೇಶದಲ್ಲೂ ಒಂದೇ ಫಲ.

ಆಗ ಶೆಟ್ಟಿ ಅಂಕಲ್ ಬಂದರು. ಬೆಳಿಗ್ಗೆಯಿಂದ ತಿಂದು ದವಡೆ ಸೋತಿತ್ತು. ಆದರೂ ಬಿಲ್ಲಿಲ್ಲದ ಹಣ್ಣು ನೋಡಿ ಬಿಡಲಾರದೆ ನನ್ನ ಕೈಯಲ್ಲಿದ್ದ ಕಂದು ಸೇಬನ್ನು ಕತ್ತರಿಸಿ ಉಪ್ಪುಖಾರ ಹಚ್ಚಿ ಬಾಯಿಗಿಟ್ಟರು. ಅಗಿಯುವುದು ನಿಲ್ಲಿಸಿದರು.

"ಅಕ್ಕ, ಇದರಲ್ಲಿ ನೀರೇ ಇಲ್ಲ ಮಾರಾಯ್ರೆ! ಕಲ್ಲಿನ ಹಾಗೆ ಗಟ್ಟಿ ಉಂಟು. ಕೆಂಪು ಆಪಲಿಂದು ಉಪ್ಪಿನಕಾಯಿ ಹಾಕಿದ್ರೆ ಎರಡು ದಿನದಲ್ಲಿ ಪಾಯಸ ಆಗ್ತದೆ. ಇದು ಆಗುದಿಲ್ಲ!"

"ಅಂದ್ರ?"

"ಅಂದ್ರೆ ಎಂತ? ಮಾವಿನ ಮಿಡಿಯ ಹಾಗೆ ವರ್ಷ ಇಡ್ಲಿಕ್ಕೆ ಆಗ್ತದೆ. ಯಾರ ಬಾಗಿಲಿಗೂ ಹೋಗಿ ಇಡುದು ಬೇಡ!"

ನಿಂತಲ್ಲೇ ಫೋನು ತೆಗೆದು ಕನ್ನಡ ಸಂಘದ ಗುಂಪಿಗೆ ಹಾಕಿದರು: ಉಪ್ಪಿನಕಾಯಿ ಆಪಲ್ ಸಿಕ್ಕಿದೆ, ಗುಡ್ಡದ ಮೇಲೆ, ಕಿತ್ತಳೆ ಜಾಕೆಟಿನ ಆಂಟಿಯನ್ನು ಕೇಳಿ. ಸಂಘದ ಅರ್ಧ ಜನ ಆಗಲೇ ತೋಟದಲ್ಲಿದ್ದರು. ಕೆಳಗಿನ ಸಾಲುಗಳಿಂದ ಸೀರೆ, ಚೂಡಿದಾರ, ಮಂಕಿಕ್ಯಾಪು, ಸ್ಟ್ರೋಲರುಗಳು ಗುಡ್ಡ ಹತ್ತತೊಡಗಿದವು. ಕಿತ್ತದ್ದೆಲ್ಲ ಅಂಗೈಯಲ್ಲಿ ಹಿಡಿದು ತಿರುವಿಯೇ ಕಿತ್ತದ್ದು. ನಾನು ಮರದ ಬುಡದಲ್ಲೇ ಕಾವಲು ನಿಂತಿದ್ದೆ.

ಕತ್ತಲಾಗುವಷ್ಟರಲ್ಲಿ ಕೆಳಗಿನ ಟೊಂಗೆಗಳೆಲ್ಲ ಅರ್ಧ ಖಾಲಿ. ಹೆಲೆನ್ ನನ್ನ ಎರಡೂ ಕೈ ಹಿಡಿದು, ನಾಳೆಯೂ ಬರಬೇಕೆಂದಳು.

ಭಾನುವಾರ, ಅದೇ ತೋಟ

ಭಾನುವಾರ ತೋಟಕ್ಕೆ ಬಹಳ ದೂರವಿರುವಾಗಲೇ ಕಾರು ನಿಂತಿತು. ಮುಂದೆಲ್ಲ ಕಾರುಗಳ ಸಾಲು. ಶೆಟ್ಟಿ ಅಂಕಲ್ಲರ ಸುದ್ದಿ ರಾತ್ರೋರಾತ್ರಿ ತೆಲುಗರಿಗೆ, ತಮಿಳರಿಗೆ, ಗುಜರಾತಿಗಳಿಗೆ ಮುಟ್ಟಿತ್ತು. ಕೆಲವರು ಮನೆಯಿಂದ ಭರಣಿ, ಸಾಸಿವೆ ಸಮೇತ ಬಂದಿದ್ದರು.

"ಅತ್ತೆ, ನೀವು ಎರಡೇ ದಿನದಲ್ಲಿ ಅಮೆರಿಕದಲ್ಲಿ ಟ್ರಾಫಿಕ್ ಜಾಮ್ ಮಾಡಿಸ್ಬಿಟ್ರಿ," ಎಂದ ಪ್ರಸನ್ನ.

ಗೇಟಿನಲ್ಲಿ ಪೊಲೀಸರು ಕೇಟ್‌ಗೆ ಎಚ್ಚರಿಕೆ ಕೊಡುತ್ತಿದ್ದರು: ರಸ್ತೆ ಮೇಲೆ ಒಂದು ಕಾರೂ ನಿಲ್ಲಬಾರದು. ಅವರು ಹೋದದ್ದೇ ಕೇಟ್ ಸುಣ್ಣದ ಪುಡಿಯ ಡಬ್ಬಿ ಹಿಡಿದು ಗುಡ್ಡ ಹತ್ತಿ, ಕಡಿಯಲೆಂದು ಮರಗಳಿಗೆ ಗುರುತು ಹಾಕತೊಡಗಿದಳು. ಹೆಲೆನ್ ಹಿಂದೆ ಹಿಂದೆ ಓಡಿದಳು, ಅವಳ ಹಿಂದೆ ನಾನು.

"ಜನ ಕೀಳುತ್ತಿದ್ದಾರಲ್ಲ! ಮಾತಿಗೆ ತಪ್ಪಬೇಡ," ಎಂದಳು ತಾಯಿ.

"ಕೀಳುತ್ತಿರುವುದಕ್ಕೇ ಅಮ್ಮ! ಈ ಮರಗಳಿಗೆ ಇಷ್ಟು ಜನ ಬರುತ್ತಿದ್ದಾರೆ. ಅವರ ಕಾರು ಎಲ್ಲಿ ನಿಲ್ಲಿಸಲಿ? ಗುಡ್ಡದ ಈ ನೆತ್ತಿ ಬಿಟ್ಟರೆ ಸಮತಟ್ಟು ಜಾಗ ಇಲ್ಲ. ಬುಲ್ಡೋಜರನ್ನು ನಾಳೆಯೇ ಕರೆಸುತ್ತೇನೆ."

ಮರಗಳನ್ನು ನೋಡಲು ಬಂದವರ ಕಾರಿಗಾಗಿ ಆ ಮರಗಳನ್ನೇ ಕಡಿಯಬೇಕು. ಅವಳು ಹೇಳಿದ ರೀತಿಯಲ್ಲಿ ಕೇಳಿದರೆ ನ್ಯಾಯವೇ ಎನಿಸುತ್ತಿತ್ತು. ಕೆಡಿಸಿದವಳು ನಾನೇ. ಸುಮ್ಮನೆ ಡೋನಟ್ ತಿಂದು ಹೋಗಿದ್ದರೆ ಮರಗಳು ಕಡೇಪಕ್ಷ ಮಂಗಳವಾರದವರೆಗೆ ಇರುತ್ತಿದ್ದವು.

ಆಗ ನನ್ನ ಕಣ್ಣು ನೆಲಕ್ಕೆ ಬಿತ್ತು. ಮರದಿಂದ ಮರಕ್ಕೆ ಅಂತರ ನೋಡಿದೆ. ಹಳೆಯ ಪದ್ಧತಿಯ ನಾಟಿ. ಹೀಗೆ ಅಗಲಕ್ಕೆ ನೆಟ್ಟರೆ ಎಕರೆಗೆ ಮರ ಕಡಿಮೆ, ಇಳುವರಿ ಕಡಿಮೆ, ರೈತರಿಗೆ ನಷ್ಟ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಮೊದಲ ದರ್ಜೆಯಲ್ಲಿ ಪಾಸಾದವಳು ನಾನು.

"ಕಡಿಯೂದು ಯಾಕ?" ಎಂದು ಕನ್ನಡದಲ್ಲೇ ಬಂತು. ಆಮೇಲೆ ಸುತ್ತೋಲೆಯ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮೂರ ಸಂತೆಯ ಬಯಲಲ್ಲಿ ಬೇವಿನ ಮರಗಳಿವೆ. ಒಂದೊಂದು ಮರಕ್ಕೂ ಒಂದೊಂದು ಊರಿನ ಎತ್ತು ಕಟ್ಟುತ್ತಾರೆ, ಪಕ್ಕದಲ್ಲಿ ಗಾಡಿ ಬಿಡುತ್ತಾರೆ. ಗಾಡಿ ಬಿಡಲು ಜಾಗ ಬೇಕೆಂದು ಮರ ಕಡಿದವರನ್ನು ನಾನು ಕಂಡಿಲ್ಲ. ನಿಮ್ಮ ಮರಗಳ ನಡುವೆ ಕಾರು ನಿಲ್ಲುತ್ತದೆ.

"ನಿಲ್ಲುವುದಿಲ್ಲ," ಎಂದಳು ಕೇಟ್.

"ಶೆಟ್ರೇ, ವ್ಯಾನ್ ತರ್ರಿ!"

ಅವರು ತಮ್ಮ ತರಕಾರಿ ವ್ಯಾನನ್ನು ಏದುಸಿರು ಬಿಡಿಸುತ್ತಾ ಗುಡ್ಡ ಹತ್ತಿಸಿದರು. ಪ್ರಸನ್ನ ಮುಂದೆ ನಿಂತು "ಬನ್ನಿ ಬನ್ನಿ, ರೈಟ್ ರೈಟ್, ಲೆಫ್ಟ್ ಹೊಡೀರಿ" ಎಂದು ನಮ್ಮ ಬಸ್ಸಿನ ಕಂಡಕ್ಟರನ ಹಾಗೆ ಕೈಬೀಸಿದ. ವ್ಯಾನು ಎರಡು ಮರಗಳ ನಡುವೆ ಹೋಗಿ, ಎರಡೂ ಕಡೆಯ ಬಾಗಿಲು ಪೂರ್ತಿ ತೆರೆದು ನಿಂತಿತು. ಶೆಟ್ಟಿ ಅಂಕಲ್ ಇಳಿಯಲೂ ಇಲ್ಲ. ಕಿಟಕಿಯಿಂದ ಕೈಹಾಕಿ ಒಂದು ಸೇಬು ತಿರುವಿ ಕಿತ್ತರು.

"ಹಣ್ಣು ಬಿದ್ದು ಗಾಜು ಒಡೆದರೆ ವಿಮೆ ಯಾರು ಕೊಡುತ್ತಾರೆ?" ಎಂದಳು ಕೇಟ್.

"ಕಾರಿನ ಮೇಲಿನ ಹಣ್ಣು ಕಾರಿನವರದು ಎಂದು ಹೇಳು," ಎಂದೆ. "ನಮ್ಮವರಿಗೆ ಹಾಗೆ ಹೇಳಿ ನೋಡು. ಇಂಜಿನ್ ಆರುವ ಮೊದಲೇ ಖಾಲಿ ಮಾಡುತ್ತಾರೆ. ಆದರೆ ಬುಡಕ್ಕೆ ಚಕ್ರ ಹತ್ತಬಾರದು, ಬೇರು ಸಾಯುತ್ತದೆ. ಸುತ್ತ ಕಲ್ಲು ಇಡಿಸತಕ್ಕದ್ದು."

ಕೇಟ್ ಸುಣ್ಣದ ಡಬ್ಬಿ ಹಿಡಿದು ವ್ಯಾನಿನ ಸುತ್ತ ಒಂದು ಸುತ್ತು ಬಂದಳು. ಅವಳ ತಲೆಯೊಳಗೆ ಏನೋ ತಿರುಗುತ್ತಿರುವುದು ಕಾಣುತ್ತಿತ್ತು. "ಮರದ ಕೆಳಗಿನ ಪಾರ್ಕಿಂಗ್," ಎಂದು ತನಗೆ ತಾನೇ ಹೇಳಿಕೊಂಡಳು. "ಇದಕ್ಕೆ ಬೇರೆ ಟಿಕೆಟ್ ಇಡಬಹುದು."

ಆಮೇಲೆ ಬಗ್ಗಿ, ಕಾಂಡಗಳ ಮೇಲೆ ಹಾಕಿದ್ದ ಗುರುತನ್ನು ತನ್ನ ತೋಳಿನಿಂದಲೇ ಒರೆಸಿದಳು. ನೆಲದ ಮೇಲೆ, ಮರಮರದ ನಡುವೆ, ಗೆರೆ ಎಳೆಯುತ್ತಾ ಹೋದಳು.

ಹೆಲೆನ್ ಒಂದು ಮರಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದಳು. "ಇಷ್ಟು ದೂರ ಯಾಕೆ ನೆಟ್ಟೆ ಎಂದು ಅಜ್ಜನನ್ನು ಕೇಳಿದ್ದೆ," ಎಂದಳು. "ಕುದುರೆ ಗಾಡಿ ತಿರುಗಬೇಕಲ್ಲ ಎಂದಿದ್ದ."

ಪ್ಲೇನ್ಸ್‌ಬರೋ, ಮತ್ತೆ ಬಾಗಿಲ ಮುಂದೆ

ಹೊರಡುವಾಗ ಹೆಲೆನ್ ನನ್ನ ದುಡಿಮೆಗೆ ಸಂಬಳವೆಂದು ದೊಡ್ಡ ಚೀಲದ ತುಂಬ ಹಣ್ಣು ಕೊಟ್ಟಳು. ಕಂದು ಹಣ್ಣು ಮುಗಿದಿತ್ತು. ಕೊಟ್ಟದ್ದು ಕೆಂಪು. ಬೇಡ ಎನ್ನಲು ಮನಸ್ಸಾಗಲಿಲ್ಲ. ದಾರಿಯುದ್ದಕ್ಕೂ ಸುನೀತಾ ಆ ಚೀಲವನ್ನು ಮುಟ್ಟಲಿಲ್ಲ. ಮನೆ ಮುಟ್ಟಿದ ಮೇಲೆ ಪ್ರಸನ್ನ ಚೀಲ ಎತ್ತಿಕೊಂಡು, ಲೈಟು ಆರಿದ ಬಾಗಿಲು ಹುಡುಕುತ್ತಾ ಎದುರು ಬ್ಲಾಕಿನ ಕಡೆ ಮೆಲ್ಲಗೆ ನಡೆದ.

ನಾನು ಊರಿಗೆ ಫೋನು ಹಚ್ಚಿದೆ. ಅಣ್ಣ ಈಗಲೂ ಲಿಂಬೆ ತೋಟ ನೋಡಿಕೊಂಡಿದ್ದಾನೆ. ಅಲ್ಲಿ ಬೆಳಗಾಗಿ, ಆಳುಗಳು ಬರುತ್ತಾರೋ ಇಲ್ಲವೋ ಎಂದು ಹಾದಿ ನೋಡುತ್ತಾ ಕೂತಿದ್ದ.

"ಏನೇನ್ ನೋಡಿದ್ಯವ್ವಾ ಅಮೆರಿಕಾದಾಗ?"

ರೊಕ್ಕ ಕೊಟ್ಟು ಹಣ್ಣು ಕೀಳುವ ಮಂದಿಯ ಬಗ್ಗೆ ಹೇಳಿದೆ. "ಸುಳ್ಳ ಹೇಳಬ್ಯಾಡ," ಎಂದ. ರೊಕ್ಕ ಕೊಟ್ಟು ಜೋಳದ ಹೊಲದಲ್ಲಿ ದಾರಿ ತಪ್ಪುವವರ ಬಗ್ಗೆ ಹೇಳಿದೆ. ನಕ್ಕ. ಸೇಬು ಹಾರಿಸುವ ಫಿರಂಗಿ ಎಂದೆ. "ಓದಿದವರು ಮಂದೀನ ಹಿಂಗ ಹುಚ್ಚ ಮಾಡೂದು," ಎಂದ.

"ಇನ್ನೊಂದು ಕೇಳು. ಇಲ್ಲಿ ಆಪಲ್ ಗಿಡದ ಬುಡಕ್ಕ ಕಾರು ಕಟ್ಟತಾರ."

ಅಣ್ಣ ಇದಕ್ಕೆ ನಗಲಿಲ್ಲ, ಅನುಮಾನವನ್ನೂ ಪಡಲಿಲ್ಲ.

"ಮತ್ತ ಎಲ್ಲಿ ಕಟ್ಟಬೇಕು?" ಎಂದ.